ಭಾರದ ಗುಂಡು ದೂರದ ಗುರಿಗೆ ಲೇಸೇ?



ಕಬ್ಬಿನ ಪತ್ರಿಕೆಯಲ್ಲಿ ಬಂದೂಕಿನ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಅದಕ್ಕೆ ಕಾರಣವಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆ ರಾಧಾನಗರಿ ತಾಲೂಕಿನ ಕಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ ಅವರು 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದರು. ಅದಕ್ಕೂ ಮುಂಚೆ, 2010ರಲ್ಲಿ, ಕೊಲ್ಹಾಪುರದವರೇ ಆದ ತೇಜಸ್ವಿನಿ ಸಾವಂತ ಅವರು ಮ್ಯೂನಿಕ್ ನಗರದಲ್ಲಿ 50 ಮೀಟರ್ ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ಇಬ್ಬರೂ ಕಬ್ಬಿನ ಸೀಮೆಯವರು. ಹೀಗಾಗಿ ನಮ್ಮ ಗಟ್ ಸಭೆಗಳಲ್ಲಿ ತಳಿ, ಗೊಬ್ಬರ, ಬಿಲ್ಲು ಇವುಗಳ ಮಾತು ಮುಗಿದ ಮೇಲೆ ಒಂದಿಬ್ಬರು ಪಾಲಕರು ಹಿಂದೆ ಉಳಿದು ಮಕ್ಕಳ ಗುರಿಕಾರಿಕೆಯ ವಿಚಾರ ಕೇಳುವುದು ರೂಢಿಯಾಗಿದೆ. “ಸಾಹೇಬರ, ಗುಂಡು ಭಾರ ಇದ್ದಷ್ಟು ದೂರ ನೆಟ್ಟಗ ಹೋಗ್ತೈತಂತ, ಖರೇ ಏನ್ರಿ?” ಎಂದು ಒಬ್ಬರು ಕೇಳಿದರೆ, ಪಕ್ಕದಲ್ಲಿದ್ದ ನಿವೃತ್ತ ಸೈನಿಕರು, “ಭಾರ ಅಲ್ಲ, ವೇಗ ಬೇಕು” ಎನ್ನುತ್ತಾರೆ. ಇನ್ನೊಬ್ಬರು ಕಬ್ಬಿನ ಬಿಲ್ಲು ಕೈಗೆ ಬಂದೊಡನೆ ಮಗನಿಗೆ ಹೆಚ್ಚು ವೇಗದ ಕಾಡತೂಸು ಕೊಡಿಸುವ ಯೋಚನೆಯಲ್ಲಿದ್ದಾರೆ.

ಭಾರ ಎಂದವರದೂ ವೇಗ ಎಂದವರದೂ ಅರ್ಧ ಸರಿ. ಬಿಲ್ಲಿನ ಹಣ ಖರ್ಚಾಗುವ ಮೊದಲೇ ಉಳಿದರ್ಧವನ್ನು ಹೇಳಿಬಿಡುವುದು ಒಳ್ಳೆಯದು.

ಮೊದಲು ತೂಕದ ಅಳತೆ. ಕಾಡತೂಸು ಎಂದರೆ ಹಿತ್ತಾಳೆಯ ಕೋಶ, ಮದ್ದು, ತುದಿಯ ಗುಂಡು ಎಲ್ಲವೂ ಸೇರಿದ್ದು. ಆದರೆ ತೂಕ ಹೇಳುವುದು ನಳಿಗೆಯಿಂದ ಹೊರಗೆ ಹಾರುವ ಗುಂಡಿನದು ಮಾತ್ರ. ಅದನ್ನು ಬಹಳ ದೇಶಗಳಲ್ಲಿ ಇಂದಿಗೂ ‘ಗ್ರೇನ್’ ಲೆಕ್ಕದಲ್ಲಿ ಹೇಳುತ್ತಾರೆ. ಗ್ರೇನ್ ಎಂದರೆ ಕಾಳು. 7000 ಗ್ರೇನಿಗೆ ಒಂದು ಪೌಂಡು, ಸುಮಾರು ಹದಿನೈದೂವರೆ ಗ್ರೇನಿಗೆ ಒಂದು ಗ್ರಾಂ. ಈ ಅಳತೆ ನಮಗೆ ಅಪರಿಚಿತವೇನಲ್ಲ. ಕಂಪನಿ ಸರ್ಕಾರ 1833ರಲ್ಲಿ ಒಂದು ತೊಲ ಬಂಗಾರವನ್ನು 180 ಗ್ರೇನ್ ಎಂದು ಗೊತ್ತುಮಾಡಿತು. ಆ ತೊಲಕ್ಕೆ 96 ಗುಂಜಿ. ಎಂದಮೇಲೆ ಒಂದು ಗುಂಜಿ ಎರಡು ಗ್ರೇನಿಗಿಂತ ತುಸು ಕಡಿಮೆಯಾಯಿತು. ಕುಸಾಳೆಯವರ ಸ್ಪರ್ಧೆಯಲ್ಲಿ ಬಳಸುವ .22 ಗುಂಡು 40 ಗ್ರೇನ್, ಅಂದರೆ ಸುಮಾರು ಇಪ್ಪತ್ತೊಂದು ಗುಂಜಿ. ಸಾವಿರ ಗಜದ ಗುರಿಗೆ ಹೆಸರಾದ 7.62 ಮಿಲಿಮೀಟರಿನ ಗುಂಡೊಂದು 175 ಗ್ರೇನ್, ಎಂದರೆ ಹಳೆಯ ತೊಲಕ್ಕೆ ಮೂರು ಗುಂಜಿಯೂ ಕಡಿಮೆಯಿಲ್ಲ. ಅಕ್ಕಸಾಲಿಯ ತಕ್ಕಡಿಯನ್ನು ಕಂಡವರಿಗೆ ಈ ತೂಕಗಳು ಕೈಯಲ್ಲಿ ಹಿಡಿದಂತೆ ತಿಳಿಯುತ್ತವೆ.

ಇನ್ನು ಭಾರವೇ ಗುಣವೋ ಎಂಬ ಪ್ರಶ್ನೆಗೆ ಬರೋಣ. ಇದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಯೋಗವೇ ಉತ್ತಮ ಉತ್ತರ. ಅದನ್ನು ಮಾಡಿದವನ ಹೆಸರು ನಮ್ಮ ಕಾರ್ಖಾನೆಯ ಫಿಟ್ಟರುಗಳ ಬಾಯಲ್ಲಿ ದಿನವೂ ಇರುವಂಥದು. ಬಿ.ಎಸ್.ಡಬ್ಲ್ಯೂ. ಬೋಲ್ಟು ಎನ್ನುತ್ತಾರಲ್ಲ, ಅದರ ಕೊನೆಯ ಅಕ್ಷರ ವಿಟ್‌ವರ್ತ್. ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ 1841ರಲ್ಲಿ ತಿರುಪುಮೊಳೆಗಳ ಎಳೆಗೆ ಒಂದೇ ಕ್ರಮವನ್ನು ಗೊತ್ತುಮಾಡಿದವನು. 1854ರಲ್ಲಿ ಬ್ರಿಟಿಷ್ ಸೇನೆಯವರು ತಮ್ಮ ಎನ್‌ಫೀಲ್ಡ್ ರೈಫಲ್ ತಯಾರಿಕೆಯ ಬಗ್ಗೆ ಇವನ ಸಲಹೆ ಕೇಳಿದರು. (1857ರ ದಂಗೆಗೆ ಕಾರಣವಾದ ಕೊಬ್ಬು ಸವರಿದ ಕಾಡತೂಸಿನ ಎನ್‌ಫೀಲ್ಡ್ ಇದೇ.) ವಿಟ್‌ವರ್ತ್‌ನ ಉತ್ತರ ಯಂತ್ರಗಾರನ ಉತ್ತರವಾಗಿತ್ತು: ಯಾವ ನಳಿಗೆ, ಯಾವ ಗುಂಡು ಎಲ್ಲಕ್ಕಿಂತ ನೆಟ್ಟಗೆ ಹೊಡೆಯುತ್ತದೆಂದು ಮೊದಲು ಗೊತ್ತಾಗಲಿ, ಯಂತ್ರದ ಮಾತು ಆಮೇಲೆ.

ಅದಕ್ಕಾಗಿ ಅವನು ತನ್ನ ಮನೆಯ ಆವರಣದಲ್ಲಿ 500 ಗಜ ಉದ್ದದ ಮುಚ್ಚಿದ ಕಟ್ಟಡವನ್ನೇ ಕಟ್ಟಿಸಿದ. ಗಾಳಿ ಒಳಗೆ ಬಾರದಿರಲಿ ಎಂಬುದು ಉದ್ದೇಶ. ವಿನೋದವೆಂದರೆ ಮೊದಲು ಕಟ್ಟಿದ್ದನ್ನು ಬಿರುಗಾಳಿಯೇ ಕೆಡವಿತು. ಮತ್ತೆ ಕಟ್ಟಿಸಿದ. ಗುಂಡಿನ ದಾರಿಯುದ್ದಕ್ಕೂ ಬಲು ತೆಳುವಾದ ಕಾಗದದ ಪರದೆಗಳನ್ನು ಕಟ್ಟಿ, ಒಂದೊಂದರಲ್ಲಿ ಬಿದ್ದ ತೂತನ್ನು ನೋಡಿ ಗುಂಡು ಎಲ್ಲಿ ಬಾಗಿತು, ಎಲ್ಲಿ ತಲೆ ಅಲ್ಲಾಡಿಸಿತು ಎಂದು ಗುರುತು ಮಾಡಿದ. ಬೇರೆ ಬೇರೆ ತಿರುಪಿನ ನಳಿಗೆಗಳನ್ನು ಒಂದಾದ ಮೇಲೊಂದು ಪರೀಕ್ಷಿಸಿದ. ನಮ್ಮ ಸಂಶೋಧನ ಕೇಂದ್ರಗಳಲ್ಲಿ ಹೊಸ ತಳಿಯನ್ನು ಪ್ಲಾಟಿನಲ್ಲಿ ಪರೀಕ್ಷಿಸುವ ಶಿಸ್ತು ಎಂಥದೋ ಇದೂ ಅಂಥದೇ.

ತಿರುಪು ಎಂದರೇನೆಂದು ಇಲ್ಲಿ ಹೇಳಬೇಕು. ರೈಫಲಿನ ನಳಿಗೆಯ ಒಳಮೈ ನುಣುಪಾಗಿರುವುದಿಲ್ಲ. ಅದರಲ್ಲಿ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಆ ಗೀರನ್ನು ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತ ಹೊರಬೀಳುತ್ತದೆ. ಎಷ್ಟು ಇಂಚು ಉದ್ದದಲ್ಲಿ ಒಂದು ಪೂರ್ತಿ ಸುತ್ತು ಬರುತ್ತದೋ ಅದು ಆ ನಳಿಗೆಯ ತಿರುಪು. ಇಂಚು ಕಡಿಮೆಯಾದಷ್ಟೂ ತಿರುಪು ಬಿಗಿ, ಗುಂಡಿನ ಸುತ್ತು ಜೋರು.

ಎನ್‌ಫೀಲ್ಡಿನ ಗುಂಡು 530 ಗ್ರೇನ್, ಹೆಚ್ಚುಕಡಿಮೆ ಮೂರು ತೊಲ. ನಳಿಗೆಯ ರಂಧ್ರ 0.577 ಇಂಚು, ತಿರುಪು 78 ಇಂಚಿಗೆ ಒಂದು ಸುತ್ತು. ವಿಟ್‌ವರ್ತ್ ಗುಂಡಿನ ತೂಕವನ್ನು ಮುಟ್ಟಲಿಲ್ಲ, ಅದೇ 530 ಗ್ರೇನ್ ಇಟ್ಟುಕೊಂಡ. ಆದರೆ ರಂಧ್ರವನ್ನು 0.451 ಇಂಚಿಗೆ ಇಳಿಸಿ, ಆರು ಮೂಲೆಯದಾಗಿ ಮಾಡಿ, ತಿರುಪನ್ನು 20 ಇಂಚಿಗೆ ಬಿಗಿ ಮಾಡಿದ. ಸೀಸ ಅಷ್ಟೇ, ದಪ್ಪ ಕಡಿಮೆ. ಆದ್ದರಿಂದ ಗುಂಡು ಉದ್ದವಾಯಿತು. ಎನ್‌ಫೀಲ್ಡಿನ ಗುಂಡು ತನ್ನ ದಪ್ಪದ ಎರಡು ಪಟ್ಟಿಗಿಂತ ಕಡಿಮೆ ಉದ್ದವಿದ್ದರೆ ಇವನದು ಸುಮಾರು ಮೂರು ಪಟ್ಟು.

1857ರಲ್ಲಿ ಎರಡನ್ನೂ ಎದುರುಬದುರು ಹೊಡೆದು ನೋಡಿದರು. ಗುಂಡುಗಳು ತಮ್ಮ ನಡುಬಿಂದುವಿನಿಂದ ಸರಾಸರಿ ಎಷ್ಟು ದೂರ ಚದುರಿದವು ಎಂಬುದು ಅಳತೆ. 500 ಗಜದಲ್ಲಿ ಎನ್‌ಫೀಲ್ಡ್ ಎರಡು ಕಾಲು ಫೂಟಿನಷ್ಟು ಚದುರಿದರೆ ವಿಟ್‌ವರ್ತ್ ಅರ್ಧ ಫೂಟಿಗೂ ಕಡಿಮೆ. 800 ಗಜದಲ್ಲಿ ನಾಲ್ಕು ಫೂಟಿಗೆ ಒಂದು ಫೂಟು. 1100 ಗಜದಲ್ಲಿ ಎಂಟು ಫೂಟಿಗೆ ಎರಡೂವರೆ ಫೂಟಿಗಿಂತ ಸ್ವಲ್ಪ ಹೆಚ್ಚು. 1400 ಗಜದಲ್ಲಿ ಎನ್‌ಫೀಲ್ಡ್ ಗುರಿಫಲಕವನ್ನು ಮುಟ್ಟಲೇ ಇಲ್ಲ. ತೂಕದಲ್ಲಿ ಒಂದು ಗುಂಜಿಯೂ ಹೆಚ್ಚುಕಡಿಮೆಯಿಲ್ಲದೆ ಇಷ್ಟು ಅಂತರ! ಬರೀ ‘ಭಾರದ ಗುಂಡು ಒಳ್ಳೆಯದು’ ಎನ್ನುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಹೀಗಾದದ್ದು ಹೇಗೆ? ಕಬ್ಬಿನ ಜಲ್ಲೆಯೊಂದನ್ನು ಅಡ್ಡ ಹಿಡಿದು ಎಸೆದರೆ ನಾಲ್ಕು ಮಾರು ಹೋಗುವುದೂ ಕಷ್ಟ. ಅದನ್ನೇ ಭರ್ಚಿಯಂತೆ ನೆಟ್ಟಗೆ ಎಸೆದರೆ ಬದುವನ್ನೂ ದಾಟುತ್ತದೆ. ಜಲ್ಲೆಯ ತೂಕ ಅದೇ, ಗಾಳಿಗೆ ಒಡ್ಡುವ ಮುಖ ಮಾತ್ರ ಬೇರೆ. ವಿಟ್‌ವರ್ತ್‌ನ ಗುಂಡಿನ ಮುಖ ಎನ್‌ಫೀಲ್ಡಿನ ಮುಖದ ನೂರಕ್ಕೆ ಅರವತ್ತರಷ್ಟೇ ಇತ್ತು. ಅಷ್ಟೇ ತೂಕ ಚಿಕ್ಕ ಮುಖದ ಹಿಂದೆ ನಿಂತಾಗ ಗಾಳಿಯನ್ನು ಸೀಳಿಕೊಂಡು ಹೋಗುವ ಶಕ್ತಿ ಹೆಚ್ಚಾಗುತ್ತದೆ, ವೇಗ ನಿಧಾನವಾಗಿ ಇಳಿಯುತ್ತದೆ. ಆದರೆ ನೆಟ್ಟಗೆ ಎಸೆದ ಜಲ್ಲೆ ಸ್ವಲ್ಪ ದೂರ ಹೋದ ಮೇಲೆ ಅಡ್ಡ ತಿರುಗುವುದನ್ನೂ ನೀವು ಕಂಡಿದ್ದೀರಿ. ಉದ್ದವಾದ ಗುಂಡಿನ ರೋಗವೂ ಅದೇ. ಅದಕ್ಕೆ ಔಷಧ ಬುಗುರಿಯ ಸುತ್ತು. ಸುತ್ತು ಸಾಲದಿದ್ದರೆ ಗುಂಡು ಗಾಳಿಯಲ್ಲಿ ಲಾಗ ಹಾಕಿ ಗುರಿಫಲಕದಲ್ಲಿ ಅಡ್ಡ ತೂತು ಕೊರೆಯುತ್ತದೆ. ಆದ್ದರಿಂದಲೇ ವಿಟ್‌ವರ್ತ್ ಗುಂಡನ್ನು ಉದ್ದ ಮಾಡಿದ್ದರ ಜೊತೆಗೇ ತಿರುಪನ್ನೂ ಬಿಗಿ ಮಾಡಿದ್ದು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದ್ದರೆ ಕೆಲಸ ಕೆಡುತ್ತಿತ್ತು.

1860ರಲ್ಲಿ ವಿಂಬಲ್ಡನ್ನಿನಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಸ್ಪರ್ಧೆ ಆರಂಭವಾದಾಗ ವಿಕ್ಟೋರಿಯಾ ರಾಣಿ ಮೊದಲ ಗುಂಡು ಹಾರಿಸಿದ್ದು ವಿಟ್‌ವರ್ತ್ ರೈಫಲಿನಿಂದ. 400 ಗಜದಲ್ಲಿ ಗುರಿಯ ನಡುವಿನಿಂದ ಒಂದೂಕಾಲು ಇಂಚಿನಲ್ಲಿ ಬಿತ್ತು. ರಾಣಿಯ ಕೈಚಳಕ ಎನ್ನುವಂತಿಲ್ಲ, ರೈಫಲನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಗುರಿ ಹಿಡಿದಿಟ್ಟಿದ್ದರು, ಅವರು ದಾರ ಎಳೆದರು ಅಷ್ಟೆ. ಇಷ್ಟಾದರೂ ಸೇನೆ ಆ ರೈಫಲನ್ನು ತೆಗೆದುಕೊಳ್ಳಲಿಲ್ಲ. ಬೆಲೆ ಹಲವು ಪಟ್ಟು, ಮದ್ದಿನ ಮಸಿ ಬೇಗ ಕಟ್ಟಿಕೊಳ್ಳುತ್ತದೆ, ರಂಧ್ರ ಕಿರಿದು ಎಂಬ ಆಕ್ಷೇಪಗಳು. ಆದರೆ 1871ರಲ್ಲಿ ಅವರು ಒಪ್ಪಿಕೊಂಡ ಮಾರ್ಟಿನಿ-ಹೆನ್ರಿ ರೈಫಲಿನ ರಂಧ್ರ 0.45 ಇಂಚು, ಗುಂಡು 480 ಗ್ರೇನ್, ತಿರುಪು 22 ಇಂಚು. ಸುತ್ತಿ ಸುತ್ತಿ ವಿಟ್‌ವರ್ತ್ ಹೇಳಿದ ಜಾಗಕ್ಕೇ ಬಂದರು.

1879ರಲ್ಲಿ ಜಾರ್ಜ್ ಗ್ರೀನ್‌ಹಿಲ್ ಎಂಬ ಗಣಿತದ ಪ್ರಾಧ್ಯಾಪಕ ಇದಕ್ಕೊಂದು ಸರಳ ಲೆಕ್ಕ ಕೊಟ್ಟ. ಗುಂಡಿನ ದಪ್ಪವನ್ನು ಇಂಚಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಬೇಕು. ಬರುವ ಉತ್ತರವೇ ಬೇಕಾದ ತಿರುಪು. 175 ಗ್ರೇನಿನ ಗುಂಡಿನ ದಪ್ಪ 0.308 ಇಂಚು, ಉದ್ದ ಸುಮಾರು ಒಂದೂಕಾಲು ಇಂಚು. ಲೆಕ್ಕ ಮಾಡಿದರೆ ಹನ್ನೊಂದೂವರೆ ಇಂಚಿನ ಆಸುಪಾಸು ಬರುತ್ತದೆ. ಹತ್ತು ಅಥವಾ ಹನ್ನೊಂದು ಇಂಚಿನ ತಿರುಪಿನ ನಳಿಗೆ ಇದ್ದರೆ ಈ ಗುಂಡು ನಿಶ್ಚಿಂತ. ಹದಿನಾಲ್ಕು ಇಂಚಿನದಿದ್ದರೆ ಎಷ್ಟು ಬೆಲೆ ಕೊಟ್ಟು ತಂದ ಗುಂಡೂ ವ್ಯರ್ಥ. ಸೂಕ್ಷ್ಮವಾಗಿ ನೋಡಿದರೆ ಈ ಲೆಕ್ಕದಲ್ಲಿ ತೂಕದ ಹೆಸರೇ ಇಲ್ಲ, ಇರುವುದು ದಪ್ಪ ಮತ್ತು ಉದ್ದ. ಒಂದೇ ದಪ್ಪದ ನಳಿಗೆಯಲ್ಲಿ ತೂಕ ಹೆಚ್ಚಿಸಬೇಕಾದರೆ ಉದ್ದ ಹೆಚ್ಚಿಸಲೇಬೇಕು. ಆದ್ದರಿಂದ ‘ಭಾರದ ಗುಂಡಿಗೆ ಬಿಗಿ ತಿರುಪು’ ಎಂಬ ಮಾತು ಬಳಕೆಗೆ ಬಂದಿದೆ. ಅಮೆರಿಕದ ಸೇನೆಯ 5.56 ಮಿಲಿಮೀಟರಿನ ರೈಫಲಿನಲ್ಲಿ ಇದು ಎದ್ದು ಕಾಣುತ್ತದೆ. 55 ಗ್ರೇನಿನ ಗುಂಡಿದ್ದಾಗ ತಿರುಪು 12 ಇಂಚು. 1980ರ ದಶಕದಲ್ಲಿ 62 ಗ್ರೇನಿನ, ಉಕ್ಕಿನ ಮೊನೆಯ ಉದ್ದ ಗುಂಡು ಬಂದಾಗ ತಿರುಪನ್ನು 7 ಇಂಚಿಗೆ ಬಿಗಿ ಮಾಡಬೇಕಾಯಿತು. ಹೆಚ್ಚಾದದ್ದು ನಾಲ್ಕು ಗುಂಜಿ ತೂಕ, ಬದಲಾದದ್ದು ಇಡೀ ನಳಿಗೆ.

ಭಾರದ ಗುಂಡಿಗೆ ಇನ್ನೊಂದು ಬೆಲೆಯೂ ಇದೆ. ಅದೇ ಕೋಶ, ಅದೇ ಮದ್ದಿನ ಒತ್ತಡದಲ್ಲಿ ಭಾರದ್ದು ಹಗುರದ್ದಕ್ಕಿಂತ ನಿಧಾನವಾಗಿ ಹೊರಡುತ್ತದೆ. ನೂರು, ಇನ್ನೂರು, ಮುನ್ನೂರು ಗಜದವರೆಗೆ ಹಗುರ ಗುಂಡು ಬೇಗ ಹೋಗಿ ಮುಟ್ಟುತ್ತದೆ, ಕಡಿಮೆ ಇಳಿಯುತ್ತದೆ. ನಮ್ಮ ನಿವೃತ್ತ ಸೈನಿಕರ ಮಾತು ನಿಜವಾಗುವುದು ಅಲ್ಲಿ. ದೂರ ಬೆಳೆದಂತೆ ಹಗುರದ್ದರ ವೇಗ ಬೇಗ ಕರಗಿ, ಮುಂದೊಂದು ಕಡೆ ಭಾರದ್ದೇ ಅದಕ್ಕಿಂತ ಜೋರಾಗಿ ಓಡುತ್ತಿರುತ್ತದೆ. ಆದ್ದರಿಂದ ‘ಯಾವ ತೂಕ?’ ಎಂದು ಕೇಳುವ ಮೊದಲು ‘ಎಷ್ಟು ದೂರಕ್ಕೆ, ಎಂಥ ತಿರುಪಿನಲ್ಲಿ?’ ಎಂದು ಕೇಳಬೇಕು. ಕಪ್ಪು ನೆಲವೋ ಕ್ಷಾರ ನೆಲವೋ ಹೇಳದೆ ಯಾವ ತಳಿ ಹಚ್ಚಲಿ ಎಂದು ನನ್ನನ್ನು ಕೇಳಿದರೆ ನಾನೇನು ಹೇಳಲಿ?

ತೂಕದ ಅಂಕಿಯನ್ನು ನಂಬಿ ಮೋಸಹೋಗಬಾರದು ಎಂಬುದಕ್ಕೆ 7.62ರಲ್ಲಿಯೇ ಒಂದು ಒಳ್ಳೆಯ ದೃಷ್ಟಾಂತವಿದೆ. 1959ರಲ್ಲಿ ಅಮೆರಿಕದ ಸಿಯೆರಾ ಕಂಪನಿ 300 ಮೀಟರ್ ಅಂತರರಾಷ್ಟ್ರೀಯ ಸ್ಪರ್ಧೆಗಾಗಿ 168 ಗ್ರೇನಿನ ಗುಂಡು ತಂದಿತು. ಆ ದೂರಕ್ಕೆ ಅದರಷ್ಟು ಹೆಸರಾದ ಗುಂಡು ಕಡಿಮೆ. ಆದರೆ ಅದನ್ನೇ ಸಾವಿರ ಗಜಕ್ಕೆ ಹೊಡೆದಾಗ ಚದುರತೊಡಗಿತು. ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೊರಟ ಗುಂಡು ಸಾವಿರ ಗಜದ ಹೊತ್ತಿಗೆ ಶಬ್ದದ ವೇಗಕ್ಕೆ, ಅಂದರೆ 340 ಮೀಟರಿನ ಆಸುಪಾಸಿಗೆ, ಇಳಿದಿರುತ್ತದೆ. ಆ ಗಡಿ ದಾಟುವಾಗ ಗುಂಡಿನ ಸುತ್ತಲಿನ ಗಾಳಿಯ ಅಲೆಗಳು ಜಾಗ ಬದಲಿಸಿ ಅದನ್ನು ಅಲ್ಲಾಡಿಸುತ್ತವೆ. 168ರ ಬಾಲ ಸುಮಾರು 13 ಅಂಶದ ಕೋನದಲ್ಲಿ ಕಿರಿದಾಗುತ್ತದೆ. ಅಷ್ಟು ಕಡಿದಾದ ಬಾಲಕ್ಕೆ ಆ ಅಲುಗಾಟ ತಡೆಯುವುದಿಲ್ಲ. ಮುಂದೆ ಬಂದ 175 ಗ್ರೇನಿನ ಗುಂಡಿನ ಬಾಲ 9 ಅಂಶ. ಅದು ವೇಗವನ್ನೂ ಸ್ವಲ್ಪ ಹೆಚ್ಚು ಉಳಿಸಿಕೊಳ್ಳುತ್ತದೆ, ಗಡಿಯನ್ನೂ ಸಮಾಧಾನವಾಗಿ ದಾಟುತ್ತದೆ. ತೂಕದ ವ್ಯತ್ಯಾಸ ಏಳು ಗ್ರೇನ್, ನಾಲ್ಕು ಗುಂಜಿಗಿಂತ ಕಡಿಮೆ. ಕೆಲಸ ಮಾಡಿದ್ದು ಹೆಚ್ಚಾಗಿ ಬಾಲದ ಆಕಾರ.

1876ರಿಂದ ನಡೆದು ಬಂದಿರುವ, 800, 900, 1000 ಗಜದ ‘ಪಾಮಾ’ ಎಂಬ ಅಂತರರಾಷ್ಟ್ರೀಯ ತಂಡ ಸ್ಪರ್ಧೆಯಲ್ಲಂತೂ ಈ ಚರ್ಚೆಗೇ ಅವಕಾಶವಿಲ್ಲ. 7.62ರ ಗುಂಡು 156 ಗ್ರೇನಿಗಿಂತ ಕಡಿಮೆ ಇರಬೇಕೆಂದು ಅಲ್ಲಿ ನಿಯಮ. ಎಲ್ಲರೂ ಹೆಚ್ಚುಕಡಿಮೆ 155ನ್ನೇ ಹೊಡೆಯುತ್ತಾರೆ. ಆದರೂ ಒಬ್ಬ ಗೆಲ್ಲುತ್ತಾನೆ, ಒಬ್ಬ ಸೋಲುತ್ತಾನೆ. ಗೆಲುವಿನ ಗುಟ್ಟು ಗುಂಡಿನ ತೂಕದ ಆಚೆ ಇದೆ ಎಂದಾಯಿತು.

ಅದರಲ್ಲಿ ಒಂದು, ಸಮತೆ. ಒಂದು ಗುಂಡು ಇನ್ನೊಂದರ ಪಡಿಯಚ್ಚಾಗಿರಬೇಕು. 175 ಗ್ರೇನಿನ ಎರಡು ಗುಂಡುಗಳ ಹೊರಡುವ ವೇಗದಲ್ಲಿ ಸೆಕೆಂಡಿಗೆ ಹತ್ತು ಮೀಟರ್ ವ್ಯತ್ಯಾಸವಾದರೆ ನೂರು ಗಜದಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ಸಾವಿರ ಗಜದಲ್ಲಿ ಒಂದು ಇನ್ನೊಂದಕ್ಕಿಂತ ಸುಮಾರು 25 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಅಮೆರಿಕದ ಸಾವಿರ ಗಜದ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತ 20 ಇಂಚು, ಅಂದರೆ 50 ಸೆಂಟಿಮೀಟರ್. ಅರ್ಧ ವೃತ್ತ ಅಲ್ಲೇ ಹೋಯಿತು. ಮದ್ದಿನ ತೂಕ, ಕೋಶದ ಗಾತ್ರ, ಗುಂಡು ಕೂರುವ ಆಳ ಎಲ್ಲವೂ ಏಕರೂಪವಾಗಿರಬೇಕು ಎಂದು ದೂರದ ಗುರಿಕಾರರು ಹಟ ಹಿಡಿಯುವುದು ಇದಕ್ಕೇ. ಒಂದೇ ವಯಸ್ಸಿನ ಬೀಜದ ಪ್ಲಾಟಿನಿಂದ ಆರಿಸಿದ ತುಂಡು ಹಚ್ಚಿದರೆ ಸಾಲು ಸಮನಾಗಿ ಏಳುತ್ತದೆ. ಕುಳೆಯ ತುಂಡು, ಬಲಿತ ತುಂಡು, ಎಳೆಯ ತುಂಡು ಕಲಸಿ ಹಚ್ಚಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹೊರದೇಶಗಳಲ್ಲಿ ಹವ್ಯಾಸಿಗಳು ಕಾಡತೂಸನ್ನು ಮನೆಯಲ್ಲಿಯೇ ತುಂಬಿಕೊಳ್ಳುವುದುಂಟು. ನಮ್ಮಲ್ಲಿ ಸರ್ಕಾರದ ಪರವಾನಿಗೆ ಇಲ್ಲದೆ ಅದು ಅಪರಾಧ. ಯಾರೂ ಪ್ರಯತ್ನಿಸಬಾರದು.

ನಮ್ಮ ಮಕ್ಕಳಿಗೆ ಸಂಬಂಧಪಟ್ಟ .22 ರೈಫಲಿನ ಮಾತು ಇನ್ನೂ ಸರಳ. ಸ್ಪರ್ಧೆಯ ಗುಂಡುಗಳೆಲ್ಲ 40 ಗ್ರೇನಿನವೇ. ಅಲ್ಲಿ ತೂಕ ಆರಿಸುವ ಪ್ರಶ್ನೆಯೇ ಬರುವುದಿಲ್ಲ, ಆರಿಸುವುದು ‘ಲಾಟ್’ ಅನ್ನು. ಒಂದೇ ಕಂಪನಿಯ ಒಂದೇ ಹೆಸರಿನ ಕಾಡತೂಸಿನಲ್ಲಿ ಒಂದು ಲಾಟು ನಿಮ್ಮ ನಳಿಗೆಗೆ ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ. ಅದಕ್ಕಾಗಿ ದೊಡ್ಡ ಗುರಿಕಾರರು ನಳಿಗೆಯನ್ನು ಚೌಕಟ್ಟಿಗೆ ಬಿಗಿದು ಲಾಟಿಗೆ ಹತ್ತು ಹತ್ತು ಗುಂಡು ಹೊಡೆದು ನೋಡಿ, ಹೊಂದಿದ ಲಾಟನ್ನೇ ವರ್ಷಕ್ಕಾಗುವಷ್ಟು ತೆಗೆದಿಡುತ್ತಾರೆ. ನಮ್ಮ ಹುಡುಗರು ಅಷ್ಟು ಮಾಡಲಾಗದಿದ್ದರೂ ಎರಡು ಮೂರು ಲಾಟಿನ ಒಂದೊಂದು ಡಬ್ಬಿ ತಂದು, ಮರಳಚೀಲದ ಮೇಲೆ ರೈಫಲು ಇಟ್ಟು ಹೊಡೆದು, ಯಾವುದು ಒತ್ತಾಗಿ ಬೀಳುತ್ತದೆಂದು ನೋಡಬಹುದು. ಹತ್ತು ಗುಂಡಿನ ಗುಂಪು ನೋಡಬೇಕು, ಮೂರು ಗುಂಡು ಒಂದೆಡೆ ಬಿದ್ದ ಮಾತ್ರಕ್ಕೆ ಹಿಗ್ಗಬಾರದು. ಮೂರು ಗಣ್ಣು ಚಿಗುರಿದವೆಂದು ಇಡೀ ಪ್ಲಾಟಿನ ಮೊಳಕೆಯನ್ನು ಯಾರೂ ಅಂದಾಜು ಕಟ್ಟುವುದಿಲ್ಲ.

ಇನ್ನೊಂದು, ಗಾಳಿ. ಬಿಲ್ಲಿನ ಹಣದಲ್ಲಿ ವೇಗದ ಕಾಡತೂಸು ಕೊಳ್ಳಲಿರುವ ಪಾಲಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಡ್ಡಗಾಳಿಗೆ ಗುಂಡು ಎಷ್ಟು ಸರಿಯುತ್ತದೆ ಎಂಬುದು ಅದು ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಅವಲಂಬಿಸಿಲ್ಲ. ಎಷ್ಟು ಹೊತ್ತು ತಡವಾಯಿತು ಎಂಬುದನ್ನು ಅವಲಂಬಿಸಿದೆ. 175 ಗ್ರೇನಿನ ಗುಂಡು ಹೊರಟ ವೇಗವನ್ನೇ ಕಾಯ್ದುಕೊಂಡಿದ್ದರೆ ಸಾವಿರ ಗಜವನ್ನು ಸುಮಾರು 1.15 ಸೆಕೆಂಡಿನಲ್ಲಿ ಮುಟ್ಟುತ್ತಿತ್ತು. ನಿಜಕ್ಕೂ ಹಿಡಿಯುವುದು 1.7 ಸೆಕೆಂಡು. ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ತಡ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಎಂದರೆ ಸೆಕೆಂಡಿಗೆ ನಾಲ್ಕೂವರೆ ಮೀಟರ್. ತಡವಾದ ಹೊತ್ತನ್ನು ಇದರಿಂದ ಗುಣಿಸಿದರೆ ಸುಮಾರು ಎರಡೂವರೆ ಮೀಟರ್. ಅಷ್ಟು ಗುಂಡು ಪಕ್ಕಕ್ಕೆ ಸರಿಯುತ್ತದೆ! 16 ಕಿಲೋಮೀಟರ್ ಗಾಳಿ ಎಂದರೆ ಕಬ್ಬಿನ ಎಲೆ ಸದ್ದು ಮಾಡುವಷ್ಟು, ಕಬ್ಬನ್ನು ಮಲಗಿಸುವ ಗಾಳಿಯೇನಲ್ಲ. ಅದೇ ಗುಂಡು ನಳಿಗೆಯ ನೇರದಿಂದ ಹತ್ತು ಮೀಟರಿಗೂ ಮಿಕ್ಕಿ ಕೆಳಗಿಳಿದಿರುತ್ತದೆ. ಆದರೆ ಇಳಿತ ದಿನವೂ ಹೆಚ್ಚುಕಡಿಮೆ ಒಂದೇ, ಕೋಷ್ಟಕ ನೋಡಿ ಸೈಟು ತಿರುಗಿಸಬಹುದು. ಗಾಳಿ ಗಳಿಗೆಗೊಂದು. ಗುಂಡಿನ ಆಯ್ಕೆಯಿಂದ ಗಳಿಸಿದ್ದನ್ನೆಲ್ಲ ಗಾಳಿಯ ಒಂದು ತಪ್ಪು ಅಂದಾಜು ನುಂಗಬಲ್ಲದು.

.22ರಲ್ಲಿ ಈ ತಡದ ಲೆಕ್ಕ ಒಂದು ವಿಚಿತ್ರವನ್ನು ತೋರಿಸುತ್ತದೆ. ಸ್ಪರ್ಧೆಯ ಕಾಡತೂಸು ಬೇಕೆಂದೇ ನಿಧಾನದ್ದು, ಸೆಕೆಂಡಿಗೆ 320–330 ಮೀಟರ್, ಶಬ್ದದ ವೇಗಕ್ಕಿಂತ ಕೆಳಗೆ. ಅಂಗಡಿಯಲ್ಲಿ ಸಿಗುವ ‘ಹೈ ವೆಲಾಸಿಟಿ’ ಎಂಬುದು ಶಬ್ದದ ವೇಗವನ್ನು ಮೀರಿ ಹೊರಡುತ್ತದೆ. ಆ ವೇಗದಲ್ಲಿ ಗಾಳಿಯ ತಡೆ ಒಮ್ಮೆಗೇ ಏರುವುದರಿಂದ ವೇಗವನ್ನು ಬೇಗ ಕಳೆದುಕೊಳ್ಳುತ್ತದೆ, ತಡ ಹೆಚ್ಚಾಗುತ್ತದೆ. ಫಲವೆಂದರೆ ಅದು ನಿಧಾನದ ಗುಂಡಿಗಿಂತ ಹೆಚ್ಚು ಸರಿಯುತ್ತದೆ. ಜೊತೆಗೆ ದಾರಿಯಲ್ಲಿ ಶಬ್ದದ ಗಡಿಯನ್ನೂ ದಾಟಬೇಕು. ಹೆಚ್ಚು ಹಣ ಕೊಟ್ಟು ಕಡಿಮೆ ಅಂಕ ತಂದಂತಾಯಿತು. ಹಾಗೆಂದು ನಿಧಾನದ್ದು ಗಾಳಿಗೆ ಬಗ್ಗುವುದೇ ಇಲ್ಲ ಎಂದಲ್ಲ. ಅದೇ 16 ಕಿಲೋಮೀಟರ್ ಗಾಳಿಯಲ್ಲಿ 50 ಮೀಟರಿನಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಸರಿಯುತ್ತದೆ. 50 ಮೀಟರ್ ಸ್ಪರ್ಧೆಯ ಹತ್ತು ಅಂಕದ ವೃತ್ತ ಕೇವಲ 10.4 ಮಿಲಿಮೀಟರ್.

ಗಾಳಿಯನ್ನು ಓದುವುದು ಮಾತ್ರ ಯಾವ ಅಂಗಡಿಯಲ್ಲಿಯೂ ಸಿಗದ ವಿದ್ಯೆ. ಮೈದಾನದಲ್ಲಿ ಪಟಗಳನ್ನು ಕಟ್ಟಿರುತ್ತಾರೆ. ಪಟ ಹಾರಿದ ಕೋನ, ಹುಲ್ಲಿನ ಬಾಗು, ಮಧ್ಯಾಹ್ನ ನೆಲದ ಮೇಲೆ ಕುಣಿಯುವ ಬಿಸಿಲ್ಗುದುರೆ ಯಾವ ಕಡೆ ಹರಿಯುತ್ತಿದೆ, ಇವನ್ನೆಲ್ಲ ಕಣ್ಣು ಕಲಿಯಬೇಕು. ನೂರು ಗಜದ ಗಾಳಿ ಒಂದು ದಿಕ್ಕಿಗಿದ್ದರೆ ಆರುನೂರು ಗಜದ ಗಾಳಿ ಇನ್ನೊಂದು ದಿಕ್ಕಿಗಿರಬಹುದು. ನಮ್ಮ ಬಯಲುಸೀಮೆಯ ಮಕ್ಕಳಿಗೆ ಇದು ಸ್ವಲ್ಪ ಬೇಗ ಒಗ್ಗಬಹುದೆಂದು ನನ್ನ ಎಣಿಕೆ. ತೂರುವಾಗ ಗಾಳಿ ನೋಡಿ ಮೊರ ಎತ್ತುವ ಮನೆತನದವರು. ಕಾಡತೂಸನ್ನು ಬಿಸಿಲಿನಲ್ಲಿ ಇಡಬಾರದು ಎಂಬುದನ್ನೂ ಹೇಳಬೇಕು. ಕಾದ ಮದ್ದು ಹೆಚ್ಚು ಒತ್ತಡ ಕೊಟ್ಟು ವೇಗವನ್ನು ಏರಿಸುತ್ತದೆ, ಬೆಳಿಗ್ಗೆ ಹೊಂದಿಸಿದ ಸೈಟು ಮಧ್ಯಾಹ್ನ ಸುಳ್ಳು ಹೇಳುತ್ತದೆ.

ಉಳಿದದ್ದು ಮೈ. ಉಸಿರು ಅರ್ಧ ಬಿಟ್ಟು ನಿಲ್ಲಿಸುವುದು, ಕುದುರೆಯನ್ನು ಕಿತ್ತು ಎಳೆಯದೆ ಹಿಂಡುವುದು, ಗುಂಡು ಹೋದ ಮೇಲೂ ಒಂದು ಕ್ಷಣ ಅಲುಗದೆ ಇರುವುದು. ಕೃಷಿ ಕಾಲೇಜಿನಲ್ಲಿ ಎನ್.ಸಿ.ಸಿ. ಹವಾಲ್ದಾರರು ನಮಗೆ ಕಾಡತೂಸು ಕೊಡುವ ಮೊದಲು ಒಂದು ವಾರ ಖಾಲಿ ರೈಫಲಿನ ಕುದುರೆಯನ್ನೇ ಹಿಂಡಿಸಿದ್ದರು. ಆಗ ಬೇಸರ ಎನಿಸುತ್ತಿತ್ತು. ಅದಕ್ಕಿಂತ ಅಗ್ಗದ ತರಬೇತಿ ಇಲ್ಲ ಎಂದು ಈಗ ಪಾಲಕರಿಗೆ ಹೇಳುತ್ತೇನೆ. ಮೊದಲು 10 ಮೀಟರಿನ ಗಾಳಿ ರೈಫಲಿನಲ್ಲಿ ಕೈ ಕುದುರಲಿ. ಅದರ ಗುಂಡು ಅರ್ಧ ಗ್ರಾಂ, ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಮದ್ದಿನ ರೈಫಲಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಿಗೆ ಬೇಕು, ಹೊಡೆಯುವುದು ಅಧಿಕೃತ ಮೈದಾನದಲ್ಲಿ ಮಾತ್ರ. ಕಬ್ಬಿನ ಬಿಲ್ಲಿನಿಂದ ಖರ್ಚು ಮಾಡಲೇಬೇಕೆಂದಿದ್ದರೆ ಒಳ್ಳೆಯ ತರಬೇತುದಾರರ ಶುಲ್ಕಕ್ಕೆ ಮಾಡಿ, ಕಾಡತೂಸಿನ ವೇಗಕ್ಕಲ್ಲ.

ಹೊಲದ ಕಾವಲಿಗೆಂದು ಪರವಾನಿಗೆಯ ಬಂದೂಕು ಇಟ್ಟುಕೊಂಡ ಸಭಾಸದರಿಗೆ ಬೇರೆಯೇ ಒಂದು ಮಾತಿದೆ. ಮೇಲೆ ಹೇಳಿದ್ದೆಲ್ಲ ಗುರಿ ತಾಗಿದ ಗುಂಡಿನ ಕಥೆ. ತಪ್ಪಿದ ಗುಂಡು ಅಲ್ಲಿಗೇ ನಿಲ್ಲುವುದಿಲ್ಲ. ಇಪ್ಪತ್ತೊಂದು ಗುಂಜಿಯ .22 ಗುಂಡು ಓರೆಯಾಗಿ ಮೇಲಕ್ಕೆ ಹೋದರೆ ಒಂದೂವರೆ ಕಿಲೋಮೀಟರ್‌ವರೆಗೆ ಹೋಗಿ ಬೀಳಬಲ್ಲದು. 7.62ರ ಗುಂಡು ಮೂರೂವರೆ, ನಾಲ್ಕು ಕಿಲೋಮೀಟರ್. ಸ್ಪರ್ಧೆಯ ಮೈದಾನದಲ್ಲಿ ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಹಾಕುವುದು ಅದಕ್ಕೇ. ನಿಂತ ಕಬ್ಬು ದಿಬ್ಬವಲ್ಲ. ಜಲ್ಲೆ ಗುಂಡನ್ನು ನಿಲ್ಲಿಸುವುದಿಲ್ಲ, ಅದರ ಹಿಂದೆ ಇರುವವರನ್ನು ಮರೆಮಾಡುತ್ತದೆ ಅಷ್ಟೆ. ಹಂಗಾಮಿನಲ್ಲಿ ಬೀಡ ಜಿಲ್ಲೆಯ ಕಡಿಯುವ ಟೋಳಿಗಳು ಕೂಸುಕುನ್ನಿ ಸಮೇತ ಫಡದ ಅಂಚಿನಲ್ಲಿಯೇ ಬಿಡಾರ ಹಾಕಿರುತ್ತವೆ, ನಸುಕಿನಲ್ಲಿಯೇ ಕೆಲಸಕ್ಕೆ ಇಳಿಯುತ್ತವೆ. ಕಾಡುಹಂದಿ ಕಬ್ಬಿಗೆ ನುಗ್ಗುವುದೂ ಆ ಹೊತ್ತಿನಲ್ಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಧಿಕಾರಿಯ ಅನುಮತಿಯಿಲ್ಲದೆ ಹಂದಿಯನ್ನು ಹೊಡೆಯುವಂತಿಲ್ಲ. ಹಾವಳಿ ಇದ್ದವರು ಗಟ್ ನಂಬರ್, ಕ್ಷೇತ್ರ, ಹಾನಿಯ ಅಂದಾಜು ಮತ್ತು 7/12 ಉತಾರೆಯೊಂದಿಗೆ ಅರಣ್ಯ ಖಾತೆಗೆ ಅರ್ಜಿ ಕೊಡಬೇಕು. ಅರ್ಜಿಯನ್ನು ಬರೆದುಕೊಡಲು ನಮ್ಮ ಗಟ್ ಕಚೇರಿಯ ನೌಕರರಿಗೆ ತಿಳಿಸಲಾಗಿದೆ.

— ಕಬ್ಬು ಅಭಿವೃದ್ಧಿ ಅಧಿಕಾರಿ